ಬಾಡಿಗೆ ವಿಳಾಸ, ಹಳೇ ನೆಗೆಟಿವು

ವಿಶಾಖಪಟ್ಟಣದ ಗಾಜುವಾಕದಲ್ಲಿ ಯಾರ ಮನೆಗಾದರೂ ಹೋಗಬೇಕಿದ್ದರೆ ಮೊದಲು ಅಡ್ಡಗೆರೆ ಓದುವುದನ್ನು ಕಲಿಯಬೇಕು. ನಮ್ಮ ಭದ್ರಾವತಿ ಕಡೆ ವಿಳಾಸ ಕೇಳಿದರೆ, ‘ಮಾರಿಗುಡಿ ಎದುರಿಗೆ ಹೋಗಿ, ಹುಣಸೆಮರ ದಾಟಿ, ಹೆಂಚಿನ ಮನೆ’ ಎನ್ನುತ್ತಾರೆ. ಇಲ್ಲಿ ಬಾಗಿಲ ಪಕ್ಕ ಬಣ್ಣದಲ್ಲಿ ಅಂಕಿ ಬರೆದಿರುತ್ತಾರೆ. ವಾರ್ಡಿನ ಸಂಖ್ಯೆ, ಒಂದು ಗೆರೆ, ಬ್ಲಾಕಿನ ಸಂಖ್ಯೆ, ಇನ್ನೊಂದು ಗೆರೆ, ಆಮೇಲೆ ಮನೆ. ಅಣ್ಣತಮ್ಮಂದಿರು ಪಾಲಾಗಿದ್ದರೆ ಒಂದು ಓರೆಗೆರೆ ಎಳೆದು ಮತ್ತೊಂದು ಅಂಕಿ. ವಿಶಾಖಪಟ್ಟಣದ ಉದ್ದಕ್ಕೂ ಹೀಗೆ, ವಿಜಯವಾಡದಲ್ಲೂ ಹೀಗೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋದರೆ ಮನೆ ತಾನಾಗಿ ಸಿಗುತ್ತದೆ.

ಕಂಪ್ಯೂಟರಿನ ಐಪಿ ವಿಳಾಸವನ್ನು ನಾನು ಯಾರಿಗಾದರೂ ಹೇಳಿಕೊಡುವಾಗ ಮೊದಲು ತೋರಿಸುವುದು ನಮ್ಮ ಬೀದಿಯ ಬಾಗಿಲುಗಳನ್ನೇ. 192.168.1.20 ಎಂದರೆ ನಾಲ್ಕು ಅಂಕಿ, ನಡುವೆ ಗೆರೆಯ ಬದಲು ಚುಕ್ಕಿ. ಮೊದಲಿನ ಮೂರು ಅಂಕಿ ಬೀದಿಯನ್ನು ಹೇಳಿದರೆ ಕೊನೆಯದು ಮನೆಯನ್ನು ಹೇಳುತ್ತದೆ. ‘ಹಾಗಾದರೆ ನಮ್ಮನೇಲೂ 192.168, ಪಕ್ಕದ ಮನೇಲೂ 192.168 ಯಾಕೆ?’ ಎಂದು ಮಗಳು ಒಮ್ಮೆ ಕೇಳಿದಳು. ಊರೂರಿಗೂ ಒಂದೊಂದು ದೇವಸ್ಥಾನದ ಬೀದಿ ಇರುವುದಿಲ್ಲವೇ, ಹಾಗೆ. ಮನೆಯೊಳಗಿನ ಬಳಕೆಗೆಂದೇ ಕೆಲವು ಅಂಕಿಗಳನ್ನು ಎತ್ತಿಟ್ಟು, ಅವನ್ನು ಯಾರು ಬೇಕಾದರೂ ತಮ್ಮ ಅಂಗಳದಲ್ಲಿ ಬಳಸಲಿ, ಹೊರಗಿನ ಬೀದಿಗೆ ಮಾತ್ರ ತರಬಾರದು ಎಂದು 1996ರಲ್ಲಿ ಒಪ್ಪಂದವಾಯಿತು. ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಅವುಗಳ ಕೇಂದ್ರ ಕಣಜ 2011ರ ಫೆಬ್ರುವರಿ 3ರಂದು ಬರಿದಾಯಿತು. ಮನೆಮನೆಯಲ್ಲೂ ಅದೇ ಅಂಕಿಗಳನ್ನು ತಿರುಗಿಸಿ ಮುರುಗಿಸಿ ಬಳಸುತ್ತಿರುವುದರಿಂದಲೇ ಇಷ್ಟು ಕಾಲ ಬಾಳಿಕೆ ಬಂದಿದೆ.

ಅಂಕಿಗಳ ಮೇಲೆ ನನಗೆ ಈ ಪ್ರೀತಿ ಬಂದದ್ದು ಕ್ವಾರ್ಟರ್ಸಿನಿಂದ ಇರಬೇಕು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1982ರಲ್ಲಿ ರಾಷ್ಟ್ರೀಯ ಇಸ್ಪಾತ್ ನಿಗಮ ಹುಟ್ಟಿ, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕೆಲಸ ಚುರುಕಾದ ಕಾಲದಲ್ಲಿ ಅವರು ಇಲ್ಲಿಗೆ ಬಂದರು. ಮೊದಲು ಗಾಜುವಾಕದಲ್ಲಿ ಬಾಡಿಗೆ ಮನೆ, ಆಮೇಲೆ ಉಕ್ಕುನಗರದಲ್ಲಿ ಕ್ವಾರ್ಟರ್ಸು. ಭಾಷೆ ಬಾರದ ಅಮ್ಮನಿಗೆ ಇಲ್ಲಿ ಮೊದಲು ಗುರುತು ಸಿಕ್ಕ ಮಾತು ‘ಉಕ್ಕು’. ತೆಲುಗಿನಲ್ಲೂ ಉಕ್ಕೇ, ಕನ್ನಡದಲ್ಲೂ ಉಕ್ಕೇ. ಹಿಂದೆ ನಮ್ಮ ಕಡೆಯ ಉಕ್ಕನ್ನು ಕೊಂಡೊಯ್ದ ಪರದೇಶದವರು ಅದನ್ನು ವೂಟ್ಜ್ ಎಂದು ಕರೆದದ್ದೂ ಇದೇ ಮಾತು ಅವರ ಬಾಯಲ್ಲಿ ತಿರುಚಿಕೊಂಡದ್ದರಿಂದ. ಊರಿನ ಹೆಸರಿನಲ್ಲಿರುವ ಗಾಜೂ ಎರಡೂ ಭಾಷೆಗೆ ಸೇರಿದ್ದೇ. ಉಕ್ಕು, ಗಾಜು ಎರಡೂ ಸಿಕ್ಕ ಮೇಲೆ ಅಮ್ಮ ಮಿಕ್ಕ ತೆಲುಗನ್ನು ತರಕಾರಿಯವಳ ಹತ್ತಿರ ಆರೇ ತಿಂಗಳಲ್ಲಿ ಕಲಿತರು.

ಕ್ವಾರ್ಟರ್ಸಿಗೂ ಸೆಕ್ಟರು, ನಂಬರು ಇರುತ್ತಿತ್ತು. ಅಪ್ಪ ಒಂದೇ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ‘ಗೋಡೆ ನಮ್ಮದಲ್ಲ ಮಗಾ, ಇರೋಷ್ಟು ದಿನ ಇದ್ದು ಬಿಟ್ಟುಕೊಡೋದು’ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಬಿಟ್ಟುಕೊಟ್ಟೆವು. ಗಾಜುವಾಕದಲ್ಲಿ ಸ್ವಂತ ಮನೆಯಾಯಿತು. ಭದ್ರಾವತಿಯ ಅತ್ತೆ ಮಾತ್ರ ಒಂದು ವರ್ಷ ಹಳೇ ನಂಬರಿಗೇ ಕಾಗದ ಬರೆದರು. ಆ ಮನೆಗೆ ಬಂದಿದ್ದ ಪುಣ್ಯಾತ್ಮರು ಕಾಗದಗಳನ್ನು ಒಂದು ದಾರದಲ್ಲಿ ಕಟ್ಟಿಟ್ಟು, ಭಾನುವಾರ ಸೈಕಲ್ಲಿನಲ್ಲಿ ತಂದುಕೊಟ್ಟು ಹೋಗುತ್ತಿದ್ದರು.

ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಏರ್ಪಾಡು ಕ್ವಾರ್ಟರ್ಸು ಹಂಚುವ ಏರ್ಪಾಡೇ. ಮದುವೆ ಛತ್ರಕ್ಕೆ ಹೋಲಿಸಿದರೆ ಇನ್ನೂ ಸಲೀಸಾಗಿ ತಿಳಿಯುತ್ತದೆ. ರಾತ್ರಿ ರೈಲಿಳಿದು ಬಂದ ನೆಂಟನಿಗೆ ಯಾವ ಕೋಣೆ ಎಂದು ಗೊತ್ತಿಲ್ಲ, ಕೇಳಲು ಯಾರ ಮುಖಪರಿಚಯವೂ ಇಲ್ಲ. ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ‘ಕೋಣೆ ಕೊಡೋರು ಯಾರಪ್ಪಾ?’ ಎಂದು ಕೂಗುತ್ತಾನೆ. ಹೊಸದಾಗಿ ಎಚ್ಚೆತ್ತ ಕಂಪ್ಯೂಟರೂ ಹೀಗೇ. ತನ್ನ ವಿಳಾಸ 0.0.0.0 ಎಂದು ಹೇಳಿಕೊಂಡು 255.255.255.255 ಎಂಬ ಊರೆಲ್ಲರ ವಿಳಾಸಕ್ಕೆ ಕೂಗುತ್ತದೆ. ಛತ್ರದ ಪಾರುಪತ್ಯಗಾರ, ಅಂದರೆ ನಮ್ಮ ಮನೆಯ ರೂಟರು, ‘ಇಪ್ಪತ್ತನೇ ಕೋಣೆ ಖಾಲಿ ಇದೆ, ಆಗಬಹುದೇ?’ ಎನ್ನುತ್ತದೆ. ನೆಂಟ ‘ಅದನ್ನೇ ಕೊಡಿ’ ಎನ್ನಬೇಕು. ಅದನ್ನೂ ಎಲ್ಲರಿಗೂ ಕೇಳುವಂತೆಯೇ ಹೇಳಬೇಕು. ಇಬ್ಬರು ಪಾರುಪತ್ಯಗಾರರು ಕೋಣೆ ತೋರಿಸಿದ್ದರೆ, ಎರಡನೆಯವರು ತಮ್ಮ ಕೀಲಿಕೈ ವಾಪಸು ಇಟ್ಟುಕೊಳ್ಳಲಿ ಎಂದು. ಕೊನೆಗೆ ಪಾರುಪತ್ಯಗಾರ ಪುಸ್ತಕದಲ್ಲಿ ಬರೆದುಕೊಂಡು ಕೀಲಿಕೈ ಕೊಡುತ್ತಾನೆ. ಕೂಗು, ಕೊಡುಗೆ, ಕೋರಿಕೆ, ಖಾತ್ರಿ. ಈ ನಾಲ್ಕು ಮಾತು ಮುಗಿಯುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಕೀಲಿಕೈಯ ಜೊತೆಗೆ ಹೊರಬಾಗಿಲು ಯಾವ ಕಡೆ, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವವರು ಯಾರು ಎಂಬುದೂ ತಿಳಿಯುತ್ತದೆ.

ಕೋಣೆ ಕೊಡುವುದು ಗಡುವಿನ ಮೇಲೆ. ಗಡುವಿನ ಅರ್ಧ ಕಳೆಯುತ್ತಲೇ ಕಂಪ್ಯೂಟರು ಪಾರುಪತ್ಯಗಾರನ ಬಳಿ ಹೋಗಿ ‘ಇನ್ನೂ ಇದ್ದೇನೆ’ ಎಂದು ಹೇಳಿ ಮುಂದುವರಿಸಿಕೊಳ್ಳುತ್ತದೆ. ಉತ್ತರ ಬಾರದಿದ್ದರೆ ಎಂಟರಲ್ಲಿ ಏಳು ಪಾಲು ಕಳೆದ ಮೇಲೆ ಮತ್ತೆ ಅಂಗಳಕ್ಕೆ ಬಂದು ಎಲ್ಲರನ್ನೂ ಕೇಳುತ್ತದೆ. ಕೂಗಿದರೂ ಯಾರೂ ಓಗೊಡದಿದ್ದರೆ? ನೆಂಟ ಜಗಲಿಯ ಮೇಲೆ ಚಾಪೆ ಹಾಸಿಕೊಳ್ಳುತ್ತಾನೆ. 169.254 ಎಂದು ಶುರುವಾಗುವ ವಿಳಾಸ ಕಂಡರೆ ಅದು ಜಗಲಿಯ ಚಾಪೆ ಎಂದು ತಿಳಿಯಿರಿ. ಜಗಲಿಯ ಮೇಲಿನವರು ತಮ್ಮತಮ್ಮಲ್ಲಿ ಮಾತಾಡಬಹುದು, ಬೀದಿಗೆ ಇಳಿಯುವಂತಿಲ್ಲ. ಇಂಟರ್ನೆಟ್ ಬರುತ್ತಿಲ್ಲ ಎಂದು ಯಾರಾದರೂ ಫೋನು ಮಾಡಿದರೆ ನಾನು ಮೊದಲು ಕೇಳುವುದೇ ಈ ಎರಡು ಅಂಕಿಗಳನ್ನು. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಈ ಸೌಕರ್ಯ ನನ್ನ ಕೈಗೆ ಬರುವ ಮುಂಚಿನ ಕಷ್ಟ ಉಂಡವನು ನಾನು. 1999ರಲ್ಲಿ ವಿಜಯವಾಡದ ಒಂದು ಕಚೇರಿಯಲ್ಲಿ ನಲವತ್ತು ಕಂಪ್ಯೂಟರುಗಳ ಉಸ್ತುವಾರಿ ನನ್ನದಾಗಿತ್ತು. ಗೆರೆ ಎಳೆದ ನೋಟುಬುಕ್ಕಿನಲ್ಲಿ ಯಾವ ಮೇಜಿಗೆ ಯಾವ ಅಂಕಿ ಎಂದು ಬರೆದಿಟ್ಟುಕೊಂಡು, ಒಂದೊಂದಕ್ಕೂ ಕೈಯಾರೆ ಅಂಕಿ ತುಂಬುತ್ತಿದ್ದೆ. ನಾನು ರಜೆಯಲ್ಲಿದ್ದಾಗ ಯಾರೋ ಹೊಸ ಯಂತ್ರ ಇಟ್ಟು ಮನಸ್ಸಿಗೆ ಬಂದ ಅಂಕಿ ತುಂಬಿದರು. ಅದು ಲೆಕ್ಕಪತ್ರದ ಯಂತ್ರದ ಅಂಕಿಯೇ ಆಗಿತ್ತು. ಎರಡು ಮನೆಗೆ ಒಂದೇ ನಂಬರು ಆದರೆ ಟಪಾಲು ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ. ಎರಡು ದಿನ ಸಂಬಳದ ಪಟ್ಟಿ ಮುದ್ರಣವಾಗಲಿಲ್ಲ. ನಾನು ಬಂದು ಒಂದೊಂದೇ ತಂತಿ ಕಿತ್ತು ಹುಡುಕಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲೇ, 1997ರ ಮಾರ್ಚಿನಲ್ಲಿ, ರಾಲ್ಫ್ ಡ್ರೋಮ್ಸ್ ಎಂಬ ಅಮೆರಿಕದ ಅಧ್ಯಾಪಕರು ಬರೆದ ಆರ್‌ಎಫ್‌ಸಿ 2131 ಎಂಬ ನಿಯಮಪತ್ರ ಹೊರಬಂದಿತ್ತು. ಇವತ್ತಿಗೂ ಡಿಎಚ್‌ಸಿಪಿಯ ಧರ್ಮಶಾಸ್ತ್ರ ಅದೇ. ಅದನ್ನು ಓದಿದ ದಿನ ಆ ನೋಟುಬುಕ್ಕನ್ನು ಮುಚ್ಚಿ ಅಟ್ಟಕ್ಕೆ ಹಾಕಿದೆ. ಈಗಲೂ ಅಲ್ಲೇ ಇದೆ.

ಇನ್ನು ನೆಗೆಟಿವಿನ ಮಾತಿಗೆ ಬರುತ್ತೇನೆ, ನನ್ನ ಮನಸ್ಸು ಇರುವುದೇ ಅಲ್ಲಿ.

ಅಪ್ಪನಿಗೆ ಫೋಟೋ ಹುಚ್ಚು. ಭದ್ರಾವತಿಯಲ್ಲಿದ್ದಾಗ ಕಪ್ಪುಬಿಳುಪಿನ ಇಂದು ಫಿಲ್ಮು ಹಾಕುತ್ತಿದ್ದರು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ತಯಾರಿಸುತ್ತಿದ್ದ ನಮ್ಮ ದೇಶದ್ದೇ ಫಿಲ್ಮು. ಇಲ್ಲಿಗೆ ಬಂದ ಮೇಲೆ ಬಣ್ಣದ ರೋಲು. ತೊಳೆಸಿದ ನೆಗೆಟಿವುಗಳನ್ನು ಆರಾರು ಚಿತ್ರದ ಪಟ್ಟಿ ಮಾಡಿ, ಎಣ್ಣೆಕಾಗದದ ಲಕೋಟೆಯಲ್ಲಿಟ್ಟು, ತಾರೀಕು ಬರೆದು, ಬಿಗಿ ಮುಚ್ಚಳದ ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತಿದ್ದರು. ಆ ಡಬ್ಬಿ ಯಾಕಪ್ಪಾ ಎಂದರೆ, ‘ಫೋಟೋ ಹೋದರೆ ಮತ್ತೆ ಮಾಡಿಸಬಹುದು, ಇದು ಹೋದರೆ ಹೋಯಿತು’ ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ, 2014ರ ಅಕ್ಟೋಬರ್ 12ರಂದು, ಹುದ್‌ಹುದ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣದ ಮೇಲೆ ಬಂತು. ಆ ಗಾಳಿಯ ಸದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಮಹಡಿಯ ತಗಡು ಹಾರಿಹೋಗಿ ಆಲ್ಬಮ್ಮುಗಳೆಲ್ಲ ನೆನೆದವು. ದಿನಗಟ್ಟಲೆ ಕರೆಂಟಿಲ್ಲ. ನೀರು ಇಳಿದ ಮೇಲೆ ನೋಡಿದರೆ ಫೋಟೋಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಬಿಡಿಸಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು. ಅಮ್ಮ ಆ ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಮಧ್ಯಾಹ್ನವೆಲ್ಲ ಕೂತಿದ್ದರು. ಬಿಸ್ಕೆಟ್ ಡಬ್ಬಿಯೊಳಗೆ ಒಂದು ಹನಿಯೂ ಹೋಗಿರಲಿಲ್ಲ.

ಆಗ ತಂದದ್ದು ಫಿಲ್ಮ್ ಸ್ಕ್ಯಾನರು. ಸೆಕೆಂಡ್ ಹ್ಯಾಂಡು, ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ ಭಾರ. ಇಂಚಿಗೆ 4000 ಚುಕ್ಕಿ ಓದುತ್ತದೆ. ನೆಗೆಟಿವಿನ ಒಂದು ಚಿತ್ರ 36 ಮಿಲಿಮೀಟರು ಉದ್ದ, 24 ಅಗಲ; ಲೆಕ್ಕ ಹಾಕಿದರೆ ಎರಡು ಕೋಟಿಗೂ ಹೆಚ್ಚು ಚುಕ್ಕಿ. ಪೂರ್ತಿ ಬಣ್ಣದ ಆಳದಲ್ಲಿ ಉಳಿಸಿದರೆ ಒಂದು ಚಿತ್ರವೇ ಸುಮಾರು 128 ಎಂಬಿ. ಸಮುದ್ರದ ತೇವಕ್ಕೆ ನೆಗೆಟಿವಿನ ಜೆಲಟಿನ್ನಿಗೆ ಬೂಷ್ಟು ಹಿಡಿಯುವ ಊರು ಇದು. ಇವತ್ತು ಓದದೆ ಬಿಟ್ಟ ಚಿತ್ರ ಇನ್ನೈದು ಮಳೆಗಾಲ ಕಳೆದ ಮೇಲೆ ಹೀಗೇ ಇರುತ್ತದೆ ಎಂಬ ಭರವಸೆ ನನಗಿರಲಿಲ್ಲ. ಆದ್ದರಿಂದ ಒಮ್ಮೆಗೇ ಪೂರ್ತಿಯಾಗಿ ಓದಿಸಿಬಿಡುವುದು ಎಂದು ನಿಶ್ಚಯಿಸಿದೆ.

ಒಂದು ತಪ್ಪು ಮೊದಲ ವಾರವೇ ಆಯಿತು, ಬೇರೆಯವರಿಗೆ ಆಗದಿರಲಿ ಎಂದು ಹೇಳುತ್ತೇನೆ. ಈ ಸ್ಕ್ಯಾನರಿನಲ್ಲಿ ದೂಳು, ಗೀರು ಅಳಿಸುವ ಏರ್ಪಾಡಿದೆ. ಕೆಂಪಿಗೂ ಆಚೆಗಿನ, ಕಣ್ಣಿಗೆ ಕಾಣದ ಕಿರಣವನ್ನು ಅದು ಫಿಲ್ಮಿನ ಮೂಲಕ ಹಾಯಿಸುತ್ತದೆ. ಬಣ್ಣದ ಫಿಲ್ಮಿನ ರಂಗುಗಳು ಆ ಕಿರಣವನ್ನು ತಡೆಯುವುದಿಲ್ಲ, ದೂಳು ತಡೆಯುತ್ತದೆ. ಆದ್ದರಿಂದ ದೂಳೆಲ್ಲಿದೆ ಎಂದು ತಿಳಿದು ಆ ಜಾಗವನ್ನು ತುಂಬುತ್ತದೆ. ಕಪ್ಪುಬಿಳುಪು ಫಿಲ್ಮಿನ ಚಿತ್ರ ಮಾತ್ರ ಬೆಳ್ಳಿಯ ಕಣದಿಂದ ಆದದ್ದು, ಬೆಳ್ಳಿ ಆ ಕಿರಣವನ್ನೂ ತಡೆಯುತ್ತದೆ. ಭದ್ರಾವತಿಯ ರೋಲನ್ನು ಹಾಕಿ ಅದೇ ಗುಂಡಿ ಒತ್ತಿದೆ. ಅಜ್ಜಿಯ ಮುಖವನ್ನೇ ದೂಳೆಂದು ತಿಳಿದು ಸ್ಕ್ಯಾನರು ಒರೆಸಿಹಾಕಿತು. ನೆಗೆಟಿವಿಗೆ ಏನೂ ಆಗಿರಲಿಲ್ಲ, ಗುಂಡಿ ಆರಿಸಿ ಮತ್ತೆ ಓದಿಸಿದರೆ ಅಜ್ಜಿ ಬಂದರು. ಆ ಹತ್ತು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ಮಾತ್ರ ನೆನಪಿದೆ.

ಸ್ಕ್ಯಾನರಿಗೆ ಜೊತೆಯಾಗಿದ್ದ ವಿಂಡೋಸ್ ಎಕ್ಸ್‌ಪಿಯ ಹಳೇ ಕಂಪ್ಯೂಟರು ಒಂದು ದಿನ ಸುಟ್ಟುಹೋಯಿತು. ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರೆ ‘ಗುರುತಿಲ್ಲದ ಸಾಧನ’ ಎಂಬ ಉತ್ತರ. ಸ್ಕ್ಯಾನರಿನ ಮೋಟಾರು ಸರಿಯಿದೆ, ದೀಪ ಸರಿಯಿದೆ, ಗಾಜು ಸರಿಯಿದೆ. ಇಲ್ಲದಿದ್ದದ್ದು ದುಭಾಷಿ. ಡ್ರೈವರು ಎಂದರೆ ದುಭಾಷಿಯೇ. ಎಷ್ಟು ಹೊತ್ತು ಬೆಳಕು ಹಾಯಿಸು, ಎಷ್ಟು ಹೆಜ್ಜೆ ಮುಂದೆ ಸರಿ ಎಂದು ಕಂಪ್ಯೂಟರು ಹೇಳುವುದನ್ನು ಸ್ಕ್ಯಾನರಿನ ಮಾತಿಗೆ ತಿರುಗಿಸಿ ಹೇಳುವುದು ಅದರ ಕೆಲಸ. ಅದನ್ನು ಬರೆದಿದ್ದು 32 ಬಿಟ್ಟಿನ ಕಾಲದಲ್ಲಿ. 64 ಬಿಟ್ಟಿನ ವಿಂಡೋಸು ಅಂಥ ಹಳೇ ಡ್ರೈವರನ್ನು ಒಳಗೆ ಸೇರಿಸುವುದಿಲ್ಲ, ಹೊಸದಕ್ಕೂ ಸಹಿ ಮುದ್ರೆ ಇರಲೇಬೇಕೆನ್ನುತ್ತದೆ. ತಯಾರಿಸಿದವರು ಫಿಲ್ಮ್ ಸ್ಕ್ಯಾನರು ಮಾಡುವುದನ್ನೇ ನಿಲ್ಲಿಸಿದ್ದರು. ಅಂಗಡಿಯವರು ಎಸೆಯಿರಿ ಎಂದರು.

ವಿಜಯವಾಡದ ಆಟೋನಗರ ನೋಡಿದವನಿಗೆ ಎಸೆಯಿರಿ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಬೆಳಗ್ಗೆ ಎಂಟಕ್ಕೆ ಶುರುವಾದ ಲೇತಿನ ಸದ್ದು ಕತ್ತಲಾದರೂ ನಿಲ್ಲುವುದಿಲ್ಲ. ಕಂಪನಿಯೇ ಬಿಡಿಭಾಗ ನಿಲ್ಲಿಸಿದ ಲಾರಿಯನ್ನು ಎಳೆದು ತಂದರೆ, ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಳತೆ ತೆಗೆದು, ಕಬ್ಬಿಣ ಕಡೆದು ಕೂಡಿಸುತ್ತಾರೆ. ಮರುದಿನ ಅದೇ ಲಾರಿ ಸಿಮೆಂಟು ಹೇರಿಕೊಂಡು ಹೆದ್ದಾರಿ ಹತ್ತುತ್ತದೆ. ಡ್ರೈವರುಗಳ ಲೋಕದಲ್ಲೂ ಅಂಥ ಒಂದು ಆಟೋನಗರವಿದೆ, ಅದರ ಹೆಸರು ಸೇನ್. ಲಿನಕ್ಸ್ ಬಳಸುವವರು ಸಂಬಳವಿಲ್ಲದೆ ಕೂಡಿ ಕಟ್ಟಿದ್ದು. ತಯಾರಕರು ಕೈಪಿಡಿ ಕೊಡದ ಎಷ್ಟೋ ಸ್ಕ್ಯಾನರುಗಳಿಗೆ, ತಂತಿಯ ಮೇಲೆ ಹಾದುಹೋಗುವ ಸಂಕೇತಗಳಿಗೆ ಕಿವಿಗೊಟ್ಟು ಭಾಷೆ ಕಲಿತು ಡ್ರೈವರು ಬರೆದಿದ್ದಾರೆ. ಎಡ್ ಹ್ಯಾಮ್ರಿಕ್ ಎಂಬವರು 1998ರಲ್ಲಿ ಶುರುಮಾಡಿದ ವ್ಯೂಸ್ಕ್ಯಾನ್ ಎಂಬ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ, ಅದಕ್ಕೆ ದುಡ್ಡು ಕೊಡಬೇಕು. ಮುಖವೇ ಕಾಣದ ಈ ಜನರಿಗೆ ನಾನು ಋಣಿ. ನಮ್ಮಜ್ಜಿಯ ಮುಖ ನನ್ನ ಮಗಳಿಗೆ ಗೊತ್ತಾದದ್ದು ಅವರಿಂದ.

ಮಹಡಿಯ ಕೋಣೆಯಲ್ಲಿ ಇನ್ನೊಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸ್ಕ್ಯಾನರು ಜೋಡಿಸಿದೆ. ಸೇನ್‌ನಲ್ಲಿ ಒಂದು ಪಟ್ಟಿಯ ಕಡತ ಇರುತ್ತದೆ, ಯಾವ ಯಾವ ಡ್ರೈವರನ್ನು ಕರೆಯಬೇಕು ಎಂದು. ಬೇಡದ ಹೆಸರುಗಳ ಮುಂದೆ ಹ್ಯಾಷ್ ಗುರುತು ಹಾಕಿ ಸುಮ್ಮನಿರಿಸಿದೆ. ‘ಸ್ಕ್ಯಾನ್‌ಇಮೇಜ್’ ಎಂಬ ಆಜ್ಞೆಯಿಂದ ಕೇಳಿದರೆ ಯಂತ್ರದ ಯಜಮಾನನಿಗೆ ಸ್ಕ್ಯಾನರು ಕಾಣುತ್ತದೆ, ಸಾಮಾನ್ಯ ಬಳಕೆದಾರನಿಗೆ ಕಾಣುವುದಿಲ್ಲ. ಇದು ಎಲ್ಲರೂ ಎಡವುವ ಕಲ್ಲು. ಸ್ಕ್ಯಾನರು ಕೆಟ್ಟಿಲ್ಲ, ಅಪ್ಪಣೆ ಇಲ್ಲ ಅಷ್ಟೆ; ಬಳಕೆದಾರನನ್ನು ಸ್ಕ್ಯಾನರಿನ ಗುಂಪಿಗೆ ಸೇರಿಸಿ, ಹೊರಹೋಗಿ ಮತ್ತೆ ಒಳಬಂದರೆ ಸರಿಹೋಗುತ್ತದೆ. ಅಮ್ಮ ಮಹಡಿ ಹತ್ತಲಾರರು. ಅದಕ್ಕಾಗಿ ಕೆಳಗಿನ ಲ್ಯಾಪ್‌ಟಾಪಿನಿಂದಲೇ ಓದಿಸುವಂತೆ ನೆಟ್‌ವರ್ಕಿನ ಏರ್ಪಾಡು ಮಾಡಿದೆ. ಮೇಲಿನ ಯಂತ್ರ 6566ನೇ ಬಾಗಿಲಲ್ಲಿ ಕಾಯುತ್ತದೆ. ನಮ್ಮ ಮನೆಯ ವಿಳಾಸದವರಿಗೆ ಮಾತ್ರ ಬಾಗಿಲು ತೆರೆ ಎಂದು ಅದಕ್ಕೆ ಹೇಳಿದೆ. ಕೆಳಗಿನ ಲ್ಯಾಪ್‌ಟಾಪಿನ ಕಡತದಲ್ಲಿ ಮೇಲಿನದರ ವಿಳಾಸ ಬರೆದೆ, 192.168.1.7. ಮಗಳು ಮಹಡಿಯಲ್ಲಿ ಪಟ್ಟಿ ಹಾಕುವುದು, ನಾನು ಕೆಳಗೆ ಓದಿಸುವುದು, ಅಮ್ಮ ಪಕ್ಕದಲ್ಲಿ ಕೂತು ಹೆಸರು ಹೇಳುವುದು. ಒಂದು ತಿಂಗಳು ಚೆನ್ನಾಗಿ ನಡೆಯಿತು.

ಮದುವೆಗೆಂದು ಭದ್ರಾವತಿಗೆ ಹೋಗಿ ಎರಡು ವಾರ ಬಿಟ್ಟು ಬಂದೆವು. ಬಂದ ಸಂಜೆ ಕೆಳಗಿಂದ ಸ್ಕ್ಯಾನರು ಕಾಣುತ್ತಿಲ್ಲ. ತಂತಿ ನೋಡಿದೆ, ಸ್ಕ್ಯಾನರನ್ನು ಆರಿಸಿ ಹೊತ್ತಿಸಿದೆ, ಡ್ರೈವರನ್ನು ಅನುಮಾನಿಸಿ ಅರ್ಧ ರಾತ್ರಿ ಕಳೆದೆ. ಡ್ರೈವರಿಗೆ ಏನೂ ಆಗಿರಲಿಲ್ಲ. ಮೇಲಿನ ಯಂತ್ರ ಎರಡು ವಾರ ಮಲಗಿತ್ತು, ಅದರ ಒಂದು ದಿನದ ಗಡುವು ಎಂದೋ ತೀರಿತ್ತು. ಏಳನೇ ಕೋಣೆಯನ್ನು ರೂಟರು ಮಗಳ ಫೋನಿಗೆ ಕೊಟ್ಟಿತ್ತು. ಲ್ಯಾಪ್‌ಟಾಪು ಪಾಪ, ಅದೇ ಹಳೇ ನಂಬರಿಗೆ ಹೋಗಿ 6566ನೇ ಬಾಗಿಲು ತಟ್ಟುತ್ತಿದೆ. ಸ್ಕ್ಯಾನರು ಎಂದರೇನೆಂದು ಆ ಫೋನಿಗೇನು ಗೊತ್ತು? ಕಾಗದ ಕಟ್ಟಿಟ್ಟು ಸೈಕಲ್ಲಿನಲ್ಲಿ ತಂದುಕೊಡುವ ಪುಣ್ಯಾತ್ಮರು ಆ ಲೋಕದಲ್ಲಿ ಇಲ್ಲ.

ಅಂದಿನಿಂದ ನನಗೊಂದು ವಿಚಾರ ಗಟ್ಟಿಯಾಗಿದೆ. ತಾವೇ ಹೊರಗೆ ಹೋಗಿ ಕೆಲಸ ಮಾಡಿಕೊಂಡು ಬರುವ ಫೋನು, ಲ್ಯಾಪ್‌ಟಾಪುಗಳು ಎಷ್ಟು ಮನೆ ಬದಲಿಸಿದರೂ ತೊಂದರೆಯಿಲ್ಲ. ಬೇರೆಯವರು ಹುಡುಕಿಕೊಂಡು ಬರಬೇಕಾದ ಸ್ಕ್ಯಾನರು, ಪ್ರಿಂಟರುಗಳಿಗೆ ಬಾಗಿಲ ನಂಬರು ಬದಲಾಗಬಾರದು. ಹಾಗೆಂದು ಯಂತ್ರದಲ್ಲೇ ಅಂಕಿ ತುಂಬಿಬಿಟ್ಟರೆ 1999ರ ಸಂಬಳದ ಪಟ್ಟಿಯ ಕಥೆಯೇ ಮತ್ತೆ, ಪಾರುಪತ್ಯಗಾರನಿಗೆ ತಿಳಿಯದೆ ಕೋಣೆ ಹಿಡಿದ ಹಾಗೆ. ಅವನ ಪುಸ್ತಕದಲ್ಲೇ ಬರೆಸಬೇಕು. ಪ್ರತಿ ಯಂತ್ರದ ನೆಟ್‌ವರ್ಕ್ ಕಾರ್ಡಿಗೂ ಹುಟ್ಟುಮಚ್ಚೆಯಂತೆ ಒಂದು ಮ್ಯಾಕ್ ವಿಳಾಸ ಇರುತ್ತದೆ, ಎರಡೆರಡು ಅಕ್ಷರದ ಆರು ಜೋಡಿ. ಮೊದಲ ಮೂರು ಜೋಡಿ ತಯಾರಕರ ಗುರುತು. ಈಗಿನ ಫೋನುಗಳು ಗುಟ್ಟು ಕಾಯಲು ಈ ಮಚ್ಚೆಯನ್ನು ಮರೆಮಾಚುತ್ತವೆ, ಹಳೇ ಕಂಪ್ಯೂಟರಿಗೆ ಆ ರೂಢಿಯಿಲ್ಲ. ರೂಟರಿನ ಪುಟ ತೆರೆದು, ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಆ ಆರು ಜೋಡಿ ಬರೆದು, ಎದುರಿಗೆ 192.168.1.20 ಎಂದು ತುಂಬಿದೆ. ಲ್ಯಾಪ್‌ಟಾಪಿನ ಕಡತದಲ್ಲೂ ಅದನ್ನೇ ತಿದ್ದಿದೆ. ಆ ಯಂತ್ರ ಎಷ್ಟು ದಿನ ಮಲಗಿ ಎದ್ದು ಕೂಗಿದರೂ ಈಗ ಸಿಗುವುದು ಇಪ್ಪತ್ತನೇ ಕೋಣೆಯೇ. ಅಟ್ಟದ ನೋಟುಬುಕ್ಕು ಇಳಿಸಿ, ಖಾಲಿಯಿದ್ದ ಹಾಳೆಯಲ್ಲಿ ಇದನ್ನೂ ಬರೆದಿಟ್ಟೆ. ಮಗಳಿಗೆ ನಾಳೆ ಬೇಕಾಗುತ್ತದೆ.

ಮೊನ್ನೆ ಓದಿಸಿದ್ದು 1992ರ ರೋಲು. ಆ ವರ್ಷ ಆಗಸ್ಟ್ 1ರಂದು ಪ್ರಧಾನಿ ನರಸಿಂಹರಾಯರು ಬಂದು ಉಕ್ಕಿನ ಕಾರ್ಖಾನೆಯನ್ನು ದೇಶಕ್ಕೆ ಒಪ್ಪಿಸಿದರು. ಅಪ್ಪ ದೂರದಿಂದ ತೆಗೆದ ಚಿತ್ರದಲ್ಲಿ ವೇದಿಕೆ ಒಂದು ಬಿಳಿ ಚುಕ್ಕೆ, ಸುತ್ತ ಹೆಲ್ಮೆಟ್ಟುಗಳ ಸಮುದ್ರ. ಅದೇ ರೋಲಿನಲ್ಲಿ ವಿಜಯವಾಡದ ಕೃಷ್ಣಾ ಪುಷ್ಕರ. ಬಿಜಾಪುರ, ರಾಯಚೂರು ಸೀಮೆ ದಾಟಿ ಬಂದ ನಮ್ಮ ಕಡೆಯ ನೀರು ಎಂದು ಅಪ್ಪ ಹಟ ಹಿಡಿದು ಎಲ್ಲರನ್ನೂ ರೈಲಿನಲ್ಲಿ ಕರೆದೊಯ್ದಿದ್ದರು. ಪರದೆಯ ಮೇಲೆ ಚಿತ್ರ ಗೆರೆಗೆರೆಯಾಗಿ ಇಳಿಯಿತು. ಮೊದಲು ಆಕಾಶ, ಆಮೇಲೆ ಪ್ರಕಾಶಂ ಬ್ಯಾರೇಜಿನ ಕಂಬಗಳ ಸಾಲು, ಆಮೇಲೆ ಮೊಣಕಾಲುದ್ದದ ನೀರಿನಲ್ಲಿ ನಿಂತ ಅಮ್ಮ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

‘ಇದು ನಾನೇ. ಆದರೆ ಏನೋ ಸರಿಯಿಲ್ಲ ಕಣೋ.’

‘ಬಣ್ಣವಾ ಅಮ್ಮ? ಸರಿಮಾಡಬಹುದು.’

‘ಬಣ್ಣ ಅಲ್ಲ. ಸೆರಗು ನೋಡು. ನಾನ್ಯಾವತ್ತು ಬಲಭುಜಕ್ಕೆ ಸೆರಗು ಹಾಕಿದ್ದೆ?’

ಪಟ್ಟಿಯನ್ನು ತಿರುವು ಮುರುವಾಗಿ ಹಾಕಿದ್ದೆವು. ಮಂಕಾದ ಮಗ್ಗುಲು ಯಾವ ಕಡೆ ಇರಬೇಕೋ ಆ ಕಡೆ ಇರಲಿಲ್ಲ. ನಾನು ಮಹಡಿಯ ಕಡೆ ತಿರುಗಿ ಮಗಳನ್ನು ಕೂಗಿದೆ. ‘ಪಟ್ಟಿ ಮಗುಚಿ ಹಾಕಮ್ಮಾ, ಅಜ್ಜಿ ಸೆರಗು ಸರಿಹೋಗಬೇಕು.’